ರಟ್ಟಿನ ಸ್ವಿಚ್ಚು

"ಭಾವ, ಮುಂದಿನ ವಾರ ಬರ್ತಿದೀನಿ. ಯಾವ ಸ್ವಿಚ್ ತರಲಿ?" ಎಂದು ಅಮೆರಿಕದಿಂದ ನನ್ನ ಹೆಂಡತಿಯ ತಮ್ಮ ಕೇಳಿದ್ದೇ ತಡ, ನನ್ನ ನಿದ್ದೆ ಹಾರಿಹೋಯಿತು. ಗೋಡೆಯ ಸ್ವಿಚ್ಚಾಗಿದ್ದರೆ ಐದು ನಿಮಿಷದ ಮಾತು. ಇದು ನಿಂಟೆಂಡೊ ಸ್ವಿಚ್. ಕೈಯಲ್ಲಿ ಹಿಡಿದು ಆಡುವ ಯಂತ್ರ. ಹೆಸರು ಮಗನದು, ಆಸೆ ನನ್ನದು.

2017ರಲ್ಲಿ ಬಂದ ಮೊದಲನೆಯದಕ್ಕೆ 6.2 ಇಂಚಿನ ಪರದೆ. 2019ರ ಲೈಟ್‌ಗೆ 5.5 ಇಂಚು, ಹಗುರ, ಅಗ್ಗ, ಆದರೆ ಟಿವಿಗೆ ಜೋಡಿಸುವಂತಿಲ್ಲ. 2021ರ ಓಎಲ್‌ಇಡಿಗೆ 7 ಇಂಚು, ಬಣ್ಣವೋ ಬಣ್ಣ. 2025ರ ಸ್ವಿಚ್ 2ಕ್ಕೆ 7.9 ಇಂಚು. ಮನೆ ಕಟ್ಟಿಸುವಾಗಲೂ ನಾನು ಇಷ್ಟು ಅಳತೆ ನೋಡಿದವನಲ್ಲ!

ಕೊನೆಗೆ ಹಳೇ ಕ್ಯಾಲೆಂಡರಿನ ರಟ್ಟು ಹುಡುಕಿ, ಮೂಲೆಯಿಂದ ಮೂಲೆಗೆ ಸ್ಕೇಲಿಟ್ಟು ನಾಲ್ಕು ತುಂಡು ಕತ್ತರಿಸಿದೆ. ಮಂಚದ ಮೇಲೆ ಅಂಗಾತ ಮಲಗಿ ಒಂದೊಂದನ್ನೇ ಹಿಡಿದು ಆಡಿ ನೋಡಿದೆ. ಲೈಟ್ ಹಿಡಿದರೆ ಎರಡು ಹೆಬ್ಬೆರಳೂ ಪರಸ್ಪರ ಕುಶಲ ವಿಚಾರಿಸುತ್ತಿದ್ದವು. ಸ್ವಿಚ್ 2 ಕೈಜಾರಿ ಮೂಗಿನ ಮೇಲೆ ಬಿತ್ತು. ರಟ್ಟಾದ್ದರಿಂದ ಮೂಗು ಉಳಿಯಿತು. ಹಾಲಿನ ಲೋಟ ಹಿಡಿದು ಬಂದ ಹೆಂಡತಿ ಒಂದು ಗಳಿಗೆ ನಿಂತು ನೋಡಿದಳು. "ಏನ್ರೀ, ಚಾರ್ಜ್ ಇದೆಯಾ ಅದಕ್ಕೆ?"

ಓಎಲ್‌ಇಡಿಯೋ ಸ್ವಿಚ್ ಎರಡೋ ಎಂದು ತೂಗುತ್ತಿರುವಾಗಲೇ ವಾರ ಕಳೆದು ಭಾವಮೈದ ಬಂದಿಳಿದ. "ಭಾವ, ನೀವು ಹೇಳಲೇ ಇಲ್ವಲ್ಲ, ಅದಕ್ಕೇ ಬಾದಾಮಿ ತಂದೆ" ಎಂದು ಪೊಟ್ಟಣ ಕೈಗಿಟ್ಟ. ಅದರಲ್ಲಿ ಒಂದೇ ಮಾಡೆಲ್ಲು. ನೆಮ್ಮದಿಯಾಗಿ ತಿಂದೆ.