ದನ ಮಾರಿ, ಕಾವಲು ಮಾರಬೇಡಿ
(ಪಶುಸಂಗೋಪನೆ ಮತ್ತು ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ)

ಮಾನ್ಯ ಸಚಿವರೇ,

ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುವ ದಿನ ತಾವಿಬ್ಬರೂ ಒಟ್ಟಿಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ವೇದಿಕೆಯ ಮೇಲಲ್ಲ, ಸವಾಲು ಕೂಗುವ ರೈತರ ನಡುವೆ ನಿಲ್ಲಿ. ಕೊಂಬು ಎದ್ದ ರೀತಿ, ಗೊರಸಿನ ಗಟ್ಟಿತನ, ಮೈಮೇಲಿನ ಸುಳಿ, ನಡಿಗೆಯ ಬಿರುಸು, ಎಲ್ಲವನ್ನೂ ಅಳೆದು ನೋಡಿ ಅವರು ಜೋಡಿ ಆರಿಸುತ್ತಾರೆ. ಊರೂರಿಗೆ ಟ್ರ್ಯಾಕ್ಟರ್ ಬಂದ ಮೇಲೂ ಒಳ್ಳೆಯ ಜೋಡಿಯ ಬೆಲೆ ಲಕ್ಷ ದಾಟುವುದುಂಟು. ಈ ಹಸುಗಳು ಹಾಲಿಗೆ ಹೆಸರಾದವಲ್ಲ. ರೈತ ಕೊಡುವ ದುಡ್ಡು ಕಾಲಿನ ಕಸುವಿಗೆ, ದಣಿವರಿಯದ ಮೈಗೆ. ಆ ಕಸುವು ಎಲ್ಲಿಂದ ಬಂತು ಎಂಬುದನ್ನು ತಮಗೆ ನೆನಪಿಸಲೆಂದೇ ಈ ಪತ್ರ.

ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಕಟ್ಟಿ, ರಾಜ್ಯದ ಹಲವೆಡೆ ‘ಕಾವಲು’ ಎಂದು ಕರೆಯುವ ಹುಲ್ಲುಗಾವಲುಗಳನ್ನು ಅದಕ್ಕೆ ಮೀಸಲಿಟ್ಟರು. ಹೈದರಾಲಿಯ ಕಾಲಕ್ಕೆ ಅದು ಸೇನೆಯ ಬೆನ್ನೆಲುಬಾಯಿತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಕವಲುಗಳು ಈ ಮಂದೆಯಲ್ಲಿ ಬೆರೆತವು. ಚಿದಂಬರದ ನೆರವಿಗೆ ಹೈದರನ ಪಡೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಟಿಪ್ಪು ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಮಂದೆಯ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಬ್ರಿಟಿಷರು ಈ ದನಗಳನ್ನು ಬಿಡಲಿಲ್ಲ. 1813ರಲ್ಲಿ ಮದ್ರಾಸಿನ ಸೇನಾ ಸರಬರಾಜು ಇಲಾಖೆ ಮಂದೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು.

1860ರಲ್ಲಿ ನಡೆದದ್ದನ್ನು ಮಾತ್ರ ತಾವು ನಿಧಾನವಾಗಿ ಓದಬೇಕು. ಆಗ ಚಾರ್ಲ್ಸ್ ಟ್ರೆವೆಲ್ಯನ್ ಮದ್ರಾಸಿನ ಗವರ್ನರ್. ಖರ್ಚು ಉಳಿಸಬೇಕೆಂಬ ಒಂದೇ ಕಾರಣಕ್ಕೆ ಇಲಾಖೆಯನ್ನು ಮುಚ್ಚಿ, ಇಡೀ ಮಂದೆಯನ್ನು ಮಾರಲಾಯಿತು. ಎರಡು ಶತಮಾನದ ಆಯ್ಕೆ, ಆರೈಕೆಯಿಂದ ಬೆಳೆದದ್ದು ಕೊಂಡವರ ಕೊಟ್ಟಿಗೆಗಳಿಗೆ ಚದುರಿಹೋಯಿತು. ಸೇನೆಗೆ ತಕ್ಕ ಎತ್ತುಗಳು ಸಿಗದಾದಾಗ ಸರ್ಕಾರಕ್ಕೆ ಮಾಡಿದ್ದು ತಪ್ಪೆಂದು ತಿಳಿಯಿತು. 1866ರಲ್ಲಿ ಇಲಾಖೆಯನ್ನು ಮತ್ತೆ ತೆರೆದು, ಹಸು ಹೋರಿಗಳನ್ನು ಹುಡುಕಿ ಕೂಡಿಸಬೇಕಾಯಿತು. ಮಾರಿದ್ದು ಒಂದು ಆದೇಶದಲ್ಲಿ. ಮತ್ತೆ ಕಟ್ಟಲು ವರ್ಷಗಳೇ ಹಿಡಿದವು.

ಹಾಗೆ ಕಟ್ಟಲು ಸಾಧ್ಯವಾದದ್ದಾದರೂ ಹೇಗೆ? ಮೇಯಿಸಲು ಕಾವಲಿನ ನೆಲ ಇನ್ನೂ ಸರ್ಕಾರದ ಕೈಯಲ್ಲಿತ್ತು. ಹಸುವನ್ನು ಹುಡುಕಿ ತರಬಹುದು, ನೆಲವನ್ನು ಎಲ್ಲಿಂದ ತರುವುದು? ನನ್ನ ಮಾತೆಲ್ಲ ಇಷ್ಟರಲ್ಲೇ ಇದೆ.

ಕಾವಲು ಎಂದರೆ ಕಂದಾಯದ ಕಡತದಲ್ಲಿ ಬೀಳುಭೂಮಿಯಂತೆ ಕಾಣಬಹುದು. ಹಿಂದಿನವರ ಲೆಕ್ಕವೇ ಬೇರೆ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಅವರು ವಿಂಗಡಿಸಿದ್ದರು. ಬೇಸಿಗೆಯದ್ದರಲ್ಲಿ ಕೆರೆಯಂಗಳದ ಹಸಿರೂ ಮರದ ನೆರಳೂ ಇರಬೇಕಿತ್ತು. ಸೇರ್ವೆಗಾರರ ಉಸ್ತುವಾರಿಯಲ್ಲಿ ಮಂದೆ ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಬಿಸಿಲಲ್ಲಿ ಮೇಯ್ದು, ಮೈಲಿಗಟ್ಟಲೆ ನಡೆದು, ಬರದಲ್ಲೂ ಬದುಕಿದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದರಿಂದಲೇ ಈ ಕರುವಿಗೆ ಈ ಕಾಲು ಬಂದಿದೆ. ಕೊಟ್ಟಿಗೆಯಲ್ಲಿ ಕಟ್ಟಿ ಹಿಂಡಿ ಹಾಕಿ ಸಾಕಿದರೆ ಬಣ್ಣ, ಕೊಂಬು ಉಳಿದಾವು. ತಲೆಮಾರು ಕಳೆದಂತೆ ಕಸುವು ಉಳಿಯದು.

ಈ ಕಾವಲುಗಳು ಒಂದೊಂದಾಗಿ ಕೈಬಿಟ್ಟುಹೋಗುತ್ತಿವೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲು ಮತ್ತು ಖುದಾಪುರದ ಸುತ್ತ ರಕ್ಷಣಾ ಸಂಶೋಧನೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಕೊಡಲಾಯಿತು. ಆ ಸಂಸ್ಥೆಗಳ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಖಾಲಿ ನೆಲವಾಗಿರಲಿಲ್ಲ. ಅಲ್ಲಿ ಊರವರ ದನ, ಕುರಿ ಮೇಯುತ್ತಿದ್ದವು. ಆ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುವವರ ಮನೆ ನಡೆಯುತ್ತಿತ್ತು. ಬೇಲಿ ಎದ್ದ ಮೇಲೆ ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ಕಾವಲನ್ನು ಉಳಿಸುವ ದಾರಿ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಇದೇ ಸರ್ಕಾರಿ ವ್ಯವಸ್ಥೆ. ಅಲ್ಲಿ ಕೃಷ್ಣಮೃಗಕ್ಕೆ ಸಿಕ್ಕ ನೆಲೆ ಉಳಿದ ಕಾವಲುಗಳ ಹಸುವಿಗೂ ಸಿಗಲಿ.

ತಾವಿಬ್ಬರಲ್ಲಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಕಂದಾಯ ಸಚಿವರು ಉಳಿದ ಪ್ರತಿ ಅಮೃತಮಹಲ್ ಕಾವಲನ್ನೂ ಅಳತೆ ಮಾಡಿಸಿ, ಗಡಿಕಲ್ಲು ನೆಡಿಸಿ, ಸರ್ವೆ ನಂಬರು ಸಮೇತ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಿಸಲಿ. ಇನ್ನು ಮುಂದೆ ಯಾವ ಯೋಜನೆಗೂ ಒಂದು ಗುಂಟೆಯನ್ನೂ ಕೊಡುವುದಿಲ್ಲವೆಂದು ಆದೇಶ ಹೊರಡಿಸಲಿ. ಪಶುಸಂಗೋಪನೆ ಸಚಿವರು ಹರಾಜಿನ ಹಣವನ್ನು ಕಾವಲಿನ ಕೆರೆಕಟ್ಟೆ, ಹುಲ್ಲು ಮತ್ತು ಮಂದೆ ಕಾಯುವವರ ಕೂಲಿಗೇ ಮೀಸಲಿಡಲಿ. ಹರಾಜಿನಲ್ಲಿ ಕೊಂಡ ರೈತರನ್ನು ಒಂದು ತಳಿಗಾರರ ಸಂಘವಾಗಿ ಕೂಡಿಸಿ, ಕರುವಿನ ತಾಯಿ ತಂದೆಯ ವಿವರವುಳ್ಳ ಪುಸ್ತಕವನ್ನು ಅವರ ಕೈಗೂ ಕೊಡಲಿ. ಆರಿಸಿದ ಬೀಜದ ಹೋರಿಗಳು ಹಳ್ಳಿಗಳಲ್ಲಿ ನಿಲ್ಲಲಿ. ಆಗ ಎಲ್ಲೋ ಕೂತ ಒಬ್ಬ ಅಧಿಕಾರಿಯ ಒಂದು ಸಹಿಗೆ ಇಡೀ ತಳಿ ಬಲಿಯಾಗದು.

1882ರಲ್ಲಿ ಈ ಮಂದೆಯನ್ನು ಬ್ರಿಟಿಷರಿಂದ ಪಡೆದ ಮೈಸೂರು ಸರ್ಕಾರ ಅದನ್ನು ನಮ್ಮ ಕಾಲಕ್ಕೆ ಮುಟ್ಟಿಸಿದೆ. 1860ರ ತಪ್ಪನ್ನು ಆರು ವರ್ಷಗಳಲ್ಲಿ ತಿದ್ದಲು ಹೊರಡಬಹುದಾಗಿತ್ತು. ಕಾವಲನ್ನು ಕಳೆದುಕೊಂಡರೆ ತಿದ್ದುವ ಅವಕಾಶ ಯಾವ ಸರ್ಕಾರಕ್ಕೂ ಇರುವುದಿಲ್ಲ. ಮುಂದಿನ ಹರಾಜಿಗೆ ಮುನ್ನ, ಕಾವಲಿನ ಒಂದು ಗುಂಟೆಯನ್ನೂ ಕೊಡುವುದಿಲ್ಲವೆಂಬ ಆ ಆದೇಶ ಬರಲಿ.

ಇತಿ ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ನಾಗರಿಕ