ಸಿಪ್ಪೆ ಒಣಗಿಸಿದವನು ಸಿಕ್ಕಿಬಿದ್ದ

ಓದುವ ಚಟವಿರುವ ಗಂಡಸನ್ನು ಬೋರ್‌ವೆಲ್ ಹತ್ತಿರ ಬಿಡಬಾರದು ಎಂಬುದು ನನ್ನ ಹೆಂಡತಿಯ ಇತ್ತೀಚಿನ ನಂಬಿಕೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ತ್ಯಾಜ್ಯದಿಂದ ಕ್ರೋಮಿಯಂ ಸೇರಿದೆ ಎಂದು ಓದಿದೆ. ನಮ್ಮ ಮನೆ ಅಲ್ಲಿಂದ ಅಷ್ಟೇನೂ ದೂರವಿಲ್ಲ. ಹಿಂದೆಯೇ ಇನ್ನೊಂದು ಓದಿದೆ: 2011ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಬಾಳೆಹಣ್ಣಿನ ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಪರಾನಾ ನದಿ ನೀರಿನ ಸೀಸ, ತಾಮ್ರ ಹಿಡಿದರಂತೆ, ಅದೇ ಪುಡಿಯನ್ನು 11 ಸಲದವರೆಗೆ ಬಳಸಬಹುದಂತೆ. ಎರಡೂ ಸುದ್ದಿಗಳಿಗೆ ನನ್ನ ತಲೆಯಲ್ಲೇ ಗಂಟು ಬಿತ್ತು.

ಬೀದಿ ಕೊನೆಯ ಜ್ಯೂಸ್ ಅಂಗಡಿಯವನು ಚೀಲಗಟ್ಟಲೆ ಪಚ್ಚಬಾಳೆ ಸಿಪ್ಪೆ ಪುಕ್ಕಟೆ ಕೊಟ್ಟ. “ಎಷ್ಟು ಹಸು ಇವೆ ಸಾರ್?” ಎಂದ. “ಹಸುಗಲ್ಲಪ್ಪ, ನೀರು ಶುದ್ಧ ಮಾಡೋಕೆ” ಎಂದೆ. ಅಂದಿನಿಂದ ಅವನು ನನ್ನ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾನೆ.

ತಾರಸಿಯಲ್ಲಿ ಹಪ್ಪಳದ ಪಕ್ಕ ಸಿಪ್ಪೆ ಹರವಿದೆ. ಗುಂಗುರು ಮುತ್ತಿದವು. ಕಾಗೆಗಳು ಹಪ್ಪಳ ಒಯ್ದು ಸಿಪ್ಪೆಯನ್ನು ನನಗೇ ಬಿಟ್ಟವು. ಒಣಗಿದ್ದನ್ನು ಮಿಕ್ಸಿಗೆ ಹಾಕಿದೆ. ಆ ವಾರದ ಚಟ್ನಿಗೆಲ್ಲ ಸಂಶೋಧನೆಯ ಸ್ವಾದ. ಪುಡಿಯನ್ನು ಹಳೆಯ ಫಿಲ್ಟರಿಗೆ ತುಂಬಿ ನೀರು ಸುರಿದೆ. ತೊಟ್ಟಿಕ್ಕಿದ ಕಂದು ನೀರು ನೋಡಿ ಅಮ್ಮ, “ಡಿಕಾಕ್ಷನ್ ಇಳೀತೇನೋ?” ಎಂದರು. ಟಿಡಿಎಸ್ ಮೀಟರ್ ಅದ್ದಿದೆ. ಅಂಕಿ ಇಳಿಯುವ ಬದಲು ಏರಿತು.

ಎಂ.ಎಸ್ಸಿ. ಕೆಮಿಸ್ಟ್ರಿ ಓದುವ ಅಕ್ಕನ ಮಗಳನ್ನು ಕರೆಸಿದೆ.

“ಮಾವ, ಈ ಮೀಟರ್ ಕರಗಿದ ಲವಣಗಳ ಅಂದಾಜು ಕೊಡುತ್ತೆ, ಅಷ್ಟೆ. ಕ್ರೋಮಿಯಂ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು? ಸಿಪ್ಪೆಯ ಪೊಟ್ಯಾಸಿಯಂ ನೀರಿಗೆ ಬಿಟ್ಟಿದೆ, ಅದಕ್ಕೇ ಏರಿದೆ” ಎಂದಳು. ಸಿಪ್ಪೆಯ ಕಾರ್ಬಾಕ್ಸಿಲ್ ಗುಂಪುಗಳದ್ದು ಋಣ ವಿದ್ಯುದಂಶ. ಧನಾಂಶದ ಸೀಸ, ತಾಮ್ರ ಬಂದು ಅಂಟುತ್ತವೆ. ಪೀಣ್ಯದ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಆಗಿ ತಾನೂ ಋಣಾಂಶವನ್ನೇ ಹೊತ್ತಿರುತ್ತದೆ. ಸಿಪ್ಪೆಯನ್ನು ಕಂಡರೆ ದೂರ ಸರಿಯುತ್ತದೆ.

“ಅದನ್ನು ಹಿಡಿಯಬೇಕಂದ್ರೆ ನೀರಿನ ಪಿಎಚ್ 2ರ ಹತ್ತಿರ ಇಳಿಸಬೇಕು. ನಿಂಬೆರಸದಷ್ಟು ಹುಳಿ.”

“ಬೆಲ್ಲ ನಾನು ಕೊಡ್ತೀನಿ ಕಣ್ರೀ, ಪಾನಕ ಮಾಡಿ” ಎಂದಳು ಹೆಂಡತಿ.

“ಹಿಡಿದ ಮೇಲೂ ಆ ಪುಡಿ ಎಲ್ಲಿಗೆ ಹಾಕ್ತೀರಿ ಮಾವ? ಲೋಹ ಮಾಯವಾಗಲ್ಲ, ನೀರಿಂದ ಸಿಪ್ಪೆಗೆ ಹೋಗಿ ಕೂರುತ್ತೆ. ಹಸುಗೂ ಹಾಕೋ ಹಾಗಿಲ್ಲ, ಗೊಬ್ಬರಕ್ಕೂ ಹಾಕೋ ಹಾಗಿಲ್ಲ.”

ಹಣ್ಣು ತಿಂದ ಕಾರ್ಖಾನೆ ಎಲ್ಲೋ ನುಣುಚಿಕೊಂಡಿತ್ತು. ಸಿಪ್ಪೆ ಹಿಡಿದವನು ತಾರಸಿಯಲ್ಲಿ ಸಿಕ್ಕಿಬಿದ್ದಿದ್ದ.

ಮಾನ ಉಳಿಸಿಕೊಳ್ಳಲು ಸೋಸದ ನೀರು, ಸೋಸಿದ ನೀರು ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬೋರ್‌ವೆಲ್ ನೀರಿನಲ್ಲಿ ಅದು ಹುಡುಕಿದರೂ ಸಿಗಲಿಲ್ಲ. ಸೋಸಿದ ನೀರಿನಲ್ಲಿ ಮಾತ್ರ ಕೋಲಿಫಾರ್ಮ್ ಇತ್ತು. ಇಲ್ಲದ ಕ್ರೋಮಿಯಂ ತೆಗೆಯಲು ಹೋಗಿ ಇಲ್ಲದ ಕ್ರಿಮಿ ತಂದಿದ್ದೆ.

ಮಿಕ್ಕ ಪುಡಿಯ ಮೂಟೆ ಹೊತ್ತು ಕಸದ ಗಾಡಿಯ ಮುಂದೆ ನಿಂತೆ.

“ಹಸಿ ಕಸಾನಾ, ಒಣ ಕಸಾನಾ?” ಎಂದರು ಗಾಡಿಯವರು.

“ಸಂಶೋಧನೆ” ಎಂದೆ.

“ಅದೆಲ್ಲಾ ಶನಿವಾರದ ಗಾಡಿಗೆ ಹಾಕಿ ಸಾರ್.”