ಸೈಟ್‌ಸ್ಕ್ರೀನ್ ಮುಂದೆ ನಿಂತಿರುವ ಅಪ್ಪಂದಿರಿಗೆ ಸ್ಕೋರರ್ ಬರೆದ ಬಹಿರಂಗ ಪತ್ರ

ಮಾನ್ಯ ಅಪ್ಪಂದಿರೇ,

ಮೊದಲು ದಯವಿಟ್ಟು ಸ್ವಲ್ಪ ಎಡಕ್ಕೆ ಸರಿಯಿರಿ. ಸೈಟ್‌ಸ್ಕ್ರೀನಿಗೆ ಬಿಳಿ ಬಣ್ಣ ಬಳಿದಿರುವುದು ಬ್ಯಾಟ್ ಮಾಡುವವನಿಗೆ ಕೆಂಪು ಚೆಂಡು ಕಾಣಲಿ ಅಂತ. ಅದರ ಮುಂದೆ ಕೆಂಪು ಟೀಶರ್ಟ್ ತೊಟ್ಟು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿರುವವರು ತಾವು. ಆಚೆ ತುದಿಯಲ್ಲಿ, ಚೆಂಡು ಎಲ್ಲಿ ಹೋಯಿತೆಂದು ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿರುವವನು ತಮ್ಮದೇ ಚಿರಂಜೀವಿ.

ನಾನು ಬೆಂಗಳೂರು ಲೀಗ್‌ನ ಕೆಳಗಿನ ಡಿವಿಷನ್‌ನಲ್ಲಿ ಒದ್ದಾಡುತ್ತಿರುವ ಒಂದು ಕ್ಲಬ್ಬಿನ ಸ್ಕೋರರ್. ಭಾನುವಾರ ದೊಡ್ಡವರಿಗೆ, ಉಳಿದ ರಜೆಗಳಲ್ಲಿ ಅಂಡರ್-14, ಅಂಡರ್-16 ಹುಡುಗರಿಗೆ ಸ್ಕೋರ್ ಬರೆಯುತ್ತೇನೆ. ಬೆಳಗಿನಿಂದ ಸಂಜೆವರೆಗೆ ನನ್ನ ಹೆಗಲ ಮೇಲಿಂದ ಪುಸ್ತಕದೊಳಗೆ ಇಣುಕುವ ತಾವು ನನ್ನ ಮುಖ ನೋಡಿರುವ ಸಾಧ್ಯತೆ ಕಡಿಮೆ. ಹಾಗಾಗಿ ಪತ್ರವೇ ಅನುಕೂಲ.

ಲೆಗ್‌ಬೈ ವಿಚಾರಕ್ಕೆ ಬರುತ್ತೇನೆ. ಅಂಪೈರ್ ಮಂಡಿ ಎತ್ತಿ ತಟ್ಟಿ ತೋರಿಸುತ್ತಾರೆ, ನಾನು ಕೈಯೆತ್ತಿ ನೋಡಿದೆ ಅನ್ನುತ್ತೇನೆ, ಎಕ್ಸ್‌ಟ್ರಾ ಕಾಲಂನಲ್ಲಿ ಒಂದು ಗೆರೆ ಬೀಳುತ್ತದೆ. ಅಂಪೈರ್ ಕೊಟ್ಟ ಸನ್ನೆಯನ್ನು ಸ್ಕೋರರ್ ಒಪ್ಪಲೇಬೇಕೆಂದು ಕ್ರಿಕೆಟ್ ಕಾನೂನಿನಲ್ಲೇ ಬರೆದಿದೆ. ಅಷ್ಟರಲ್ಲಿ ಹಿಂದಿನಿಂದ ಕಾಫಿ ವಾಸನೆಯೊಂದಿಗೆ ಒಂದು ದನಿ: “ಸಾರ್, ಅದು ಬ್ಯಾಟಿಗೆ ತಾಗಿತ್ತು. ಸೌಂಡ್ ಬಂತಲ್ಲ, ಕೇಳಿಸ್ಲಿಲ್ವಾ?” ಕೇಳಿಸಿತು. ಮುಂದಿನ ಓವರಿನಲ್ಲಿ ಅದೇ ಸೌಂಡ್ ಬಂದು ಕೀಪರ್ ಕ್ಯಾಚ್ ಹಿಡಿದು ಕೂಗಿದಾಗ, “ಅದು ಪ್ಯಾಡ್ ಸಾರ್, ಕ್ಲಿಯರ್ ಆಗಿ ಪ್ಯಾಡ್” ಎಂದದ್ದೂ ಕೇಳಿಸಿತು. ಅರವತ್ತು ಗಜ ದೂರದಿಂದ ಬ್ಯಾಟಿನ ಸದ್ದು, ಪ್ಯಾಡಿನ ಸದ್ದು ಬೇರೆಬೇರೆ ಮಾಡಬಲ್ಲ ಕಿವಿಗಳನ್ನು ಕ್ರಿಕೆಟ್ ಮಂಡಳಿ ಇನ್ನೂ ಗುರುತಿಸದಿರುವುದು ದೊಡ್ಡ ಅನ್ಯಾಯ.

ಇದಕ್ಕೆ ಪರಿಹಾರವಾಗಿ ಸ್ಕೋರ್ ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದಿದ್ದೇನೆ: ‘ಅಪ್ಪನ ರನ್’. ಲೆಗ್‌ಬೈ, ಓವರ್‌ಥ್ರೋ, ಅಂಪೈರ್ ಕೊಡದ ವೈಡ್, ಹೋಗಬೇಕಿದ್ದ ಫೋರ್ ಎಲ್ಲವೂ ಅದಕ್ಕೇ ಜಮೆ. ರನ್‌ಔಟ್‌ಗೂ ವ್ಯವಸ್ಥೆಯಾಗಿದೆ. ಹುಡುಗ ಚೆಂಡು ತಳ್ಳಿ ಓಡುವ ಮುನ್ನ ನೋಡಬೇಕಾದದ್ದು ಜೊತೆಗಾರನ ಕಡೆಗೆ. ತಮ್ಮ ಹುಡುಗರು ನೋಡುವುದು ತಮ್ಮ ಕಡೆಗೆ. “ಓಡೋ! ಓಡೋ! ಬೇಡ, ಬೇಡ!” ಅಂತ ತಾವು ಕೈಬೀಸುವಷ್ಟರಲ್ಲಿ ಇಬ್ಬರೂ ಒಂದೇ ತುದಿಯಲ್ಲಿ ಕುಶಲೋಪರಿ ವಿಚಾರಿಸುತ್ತಿರುತ್ತಾರೆ. ಇನ್ನು ಮುಂದೆ ಫೀಲ್ಡರ್ ಹೆಸರು ಬರೆಯುವ ಜಾಗದಲ್ಲಿ ತಮ್ಮ ಹೆಸರನ್ನೇ ಬರೆಯುತ್ತೇನೆ. ಇನಿಷಿಯಲ್ ಸಮೇತ ತಿಳಿಸಿ.

ಮ್ಯಾಟ್ ಬಗ್ಗೆಯೂ ತಮ್ಮ ದೂರು ಇದೆ. “ಮ್ಯಾಟ್ ಮೇಲೆ ಆಡಿದ್ರೆ ಟೆಕ್ನಿಕ್ ಕೆಟ್ಟೋಗತ್ತೆ ಸಾರ್, ಟರ್ಫ್ ಬೇಕು.” ನಿಜವಿರಬಹುದು. ಸ್ಪಿನ್ನರ್‌ಗಳಾದ ಪ್ರಸನ್ನ, ಚಂದ್ರಶೇಖರ್ ಕಾಲದ ಮೈಸೂರು ಕ್ರಿಕೆಟ್ ಬೆಳೆದದ್ದೇ ತೆಂಗಿನ ನಾರಿನ ಮ್ಯಾಟ್ ಮೇಲೆ. ಪಾಪ, ಅವರ ಟೆಕ್ನಿಕ್ ಎಷ್ಟು ಕೆಟ್ಟಿತ್ತೋ, ಎದುರು ಬ್ಯಾಟ್ ಹಿಡಿದ ಇಂಗ್ಲೆಂಡಿನವರನ್ನು ಕೇಳಬೇಕು. ಚೆಂಡಿನ ಕತೆಯೂ ಅಷ್ಟೇ. ಹದಿಮೂರರೊಳಗಿನವರಿಗೆ 133ರಿಂದ 144 ಗ್ರಾಂ ತೂಕದ ಚಿಕ್ಕ ಚೆಂಡೆಂದು ನಿಯಮ ಮಾಡಿದವರು ಮಕ್ಕಳ ಬೆರಳು ಚಿಕ್ಕದೆಂದು ತಪ್ಪು ತಿಳಿದಿದ್ದರು. ನಮ್ಮಲ್ಲಿ ಹತ್ತು ವರ್ಷದವನೂ ದೊಡ್ಡವರ ಚೆಂಡಿನಲ್ಲೇ, ದೊಡ್ಡವರ 22 ಗಜದಲ್ಲೇ ಬೌಲ್ ಮಾಡಬೇಕು. “ಈಗಿಂದಾನೇ ಅಭ್ಯಾಸ ಆಗ್ಲಿ.” ಚೆಂಡು ಎರಡು ಪುಟ ಬಿದ್ದು ಕೀಪರ್ ಕೈ ಸೇರುತ್ತದೆ. ಅಭ್ಯಾಸ ಆಗುತ್ತಿರುವುದು ಚೆಂಡಿಗೆ.

ಕಳೆದ ಎರಡು ಬೇಸಿಗೆಗಳಿಂದ ತಮ್ಮ ಜ್ವರ ಏರಿರುವುದಕ್ಕೆ ಕಾರಣ ಬಲ್ಲೆ. 2025ರ ಏಪ್ರಿಲ್ 28ರ ರಾತ್ರಿ ವೈಭವ್ ಸೂರ್ಯವಂಶಿ ಎಂಬ 14 ವರ್ಷದ ಹುಡುಗ ಐಪಿಎಲ್‌ನಲ್ಲಿ 35 ಎಸೆತಕ್ಕೆ ನೂರು ಹೊಡೆದ. ಮಾರನೇ ಬೆಳಗ್ಗೆ ನೆಟ್ಸ್ ಬಳಿ ತಮ್ಮಲ್ಲೊಬ್ಬರು ನನ್ನ ಪಕ್ಕ ಕುಸಿದು ಕೂತರು. “ನಮ್ಮೋನಿಗೆ ಆಗ್ಲೇ ಹದಿಮೂರು ಸಾರ್. ಲೇಟಾಯ್ತೇನೋ?” ಅವರ ಮಗ ಅಷ್ಟು ದೂರದಲ್ಲಿ ಐಸ್‌ಕ್ಯಾಂಡಿ ಚೀಪುತ್ತ, ತನ್ನ ವೃತ್ತಿಜೀವನ ಮುಗಿಯುತ್ತ ಬಂದಿರುವುದರ ಅರಿವಿಲ್ಲದೆ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ.

ಲೇಟಾದವರಿಗೆ ಒಂದು ದಾರಿ ಇತ್ತು, ತಮಗೆ ಗೊತ್ತೇ ಇದೆ. ವಯಸ್ಸಿನ ಲೆಕ್ಕ ಹಿಡಿಯುವುದು ಸೆಪ್ಟೆಂಬರ್ 1ರಿಂದ. ಆದ್ದರಿಂದ ನಮ್ಮ ಕ್ರಿಕೆಟಿಗರ ಪೈಕಿ ಅನೇಕರು ಸೆಪ್ಟೆಂಬರ್ ಮೊದಲ ವಾರದಲ್ಲೇ ಜನಿಸುವ ಸೌಜನ್ಯ ತೋರಿದ್ದಾರೆ. ಕೆಲವರಿಗಂತೂ ಎರಡು ಹುಟ್ಟುಹಬ್ಬ: ಕೇಕ್ ಕತ್ತರಿಸುವುದಕ್ಕೊಂದು, ಸರ್ಟಿಫಿಕೇಟ್ ತೋರಿಸುವುದಕ್ಕೊಂದು. ಅಂಡರ್-14 ಟಾಸಿಗೆ ಬಂದ ಎದುರಾಳಿ ಕ್ಯಾಪ್ಟನ್ನಿನ ಗಲ್ಲದ ಮೇಲೆ ಅವತ್ತಷ್ಟೇ ರೇಜರ್ ಆಡಿಸಿದ ಹಸಿರು ಕಂಡಾಗ ತಾವು ಕೆರಳಿ ಕೆಂಡವಾದಿರಿ. ಅದೇ ಹಸಿರು ನಮ್ಮ ತಂಡದಲ್ಲಿ ಕಂಡಾಗ “ನಮ್ಮ ಮನೆತನದಲ್ಲಿ ಬೇಗ ಬರತ್ತೆ ಸಾರ್” ಎಂದಿರಿ. ಹೆತ್ತವರಿಗೆ ಹೆಗ್ಗಣ ಮುದ್ದು, ಹೌದು. ಹೆಗ್ಗಣಕ್ಕೆ ಮೀಸೆ ಬಂದಿದ್ದರೂ. ಆದರೆ ಕ್ರಿಕೆಟ್ ಮಂಡಳಿ ಈಗ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯನ್ನೇ ವಯಸ್ಸು ಕೇಳುತ್ತದೆ. ಮೂಳೆಗೆ ತಹಶೀಲ್ದಾರರ ಪರಿಚಯವಿಲ್ಲ. 2020ರಲ್ಲಿ ‘ತಾವಾಗಿಯೇ ಒಪ್ಪಿಕೊಂಡರೆ ಮಾಫಿ, ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ’ ಎಂದೂ ಸಾರಲಾಯಿತು. ಅದಕ್ಕೂ ಮುಂಚೆ, 2015ರ ಪಟೌಡಿ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಈ ವಯಸ್ಸಿನ ಆಟವನ್ನು ಫಿಕ್ಸಿಂಗ್‌ಗೇ ಹೋಲಿಸಿದ್ದರು. ಆ ಭಾಷಣದ ತುಣುಕನ್ನು ನಮ್ಮ ಕ್ಲಬ್ ವಾಟ್ಸ್ಯಾಪ್ ಗುಂಪಿಗೆ ಹಾಕಿದವರು ಎರಡು ಹುಟ್ಟುಹಬ್ಬದ ಹುಡುಗನೊಬ್ಬನ ತಂದೆಯೇ.

ಸ್ಕೋರ್ ಬರೆಯುವವನಾಗಿ ನನಗೆ ಆಗಾಗ ನೆನಪಾಗುವುದು 2016ರ ಜನವರಿಯಲ್ಲಿ ಮುಂಬೈ ಬಳಿಯ ಕಲ್ಯಾಣದ ಒಂದು ಮೈದಾನ. ಶಾಲೆಗಳ ಅಂಡರ್-16 ಪಂದ್ಯದಲ್ಲಿ ಪ್ರಣವ್ ಧನವಡೆ ಔಟಾಗದೆ 1009 ಹೊಡೆದ. 129 ಫೋರ್, 59 ಸಿಕ್ಸರ್. ತಂಡದ ಮೊತ್ತ 3 ವಿಕೆಟ್‌ಗೆ 1465. ಎದುರಾಳಿ ಶಾಲೆ ಎರಡು ಸಲ ಆಡಿ ಗಳಿಸಿದ್ದು 31 ಮತ್ತು 52. ದೇಶವೆಲ್ಲ ಆ ಹುಡುಗನ ಹೆಸರು ಹೇಳಿತು. ನನ್ನ ಕಣ್ಣಿಗೆ ಕಟ್ಟುವುದು ಮಾತ್ರ ಅಷ್ಟೂ ಸಲ ಬೌಂಡರಿ ಆಚೆಗೆ ಓಡಿ ಚೆಂಡು ತಂದುಕೊಟ್ಟ ಪುಟ್ಟ ಪುಟ್ಟ ಫೀಲ್ಡರುಗಳು. ಮನೆಗೆ ಹೋದಾಗ “ಇವತ್ತು ಎಷ್ಟು ಹೊಡೆದೆ?” ಎಂದು ಕೇಳಿದ ಅಪ್ಪಂದಿರೂ ಅಲ್ಲಿದ್ದಿರಬೇಕು. ಪ್ರಣವನಿಗೆ ಮುಂಬೈ ಕ್ರಿಕೆಟ್ ಸಂಸ್ಥೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ವಿದ್ಯಾರ್ಥಿವೇತನ ಕೊಟ್ಟಿತು. ಆಮೇಲೆ ರನ್ ಬರಲಿಲ್ಲ. 2017ರಲ್ಲಿ ಆಟೊ ಓಡಿಸುವ ಅವನ ಅಪ್ಪ, ಮಗನ ಆಟ ಸದ್ಯ ಸರಿಯಿಲ್ಲ, ಹಣ ನಿಲ್ಲಿಸಿ ಎಂದು ತಾವೇ ಪತ್ರ ಬರೆದರು. ಈ ಒಂದು ಪ್ಯಾರಾದಲ್ಲಿ ವ್ಯಂಗ್ಯ ಹುಡುಕಬೇಡಿ. ಅಂಥ ಅಪ್ಪ ನನ್ನ ಹೆಗಲ ಮೇಲಿಂದ ಇಣುಕಿದರೆ ಕುರ್ಚಿ ಬಿಟ್ಟುಕೊಡುತ್ತೇನೆ.

(ಅಮ್ಮಂದಿರಿಗೆ ಈ ಪತ್ರ ಅನ್ವಯಿಸುವುದಿಲ್ಲ. ಬಿಳಿ ಪ್ಯಾಂಟಿಗೆ ಚೆಂಡು ಉಜ್ಜಿದ ಕೆಂಪು ಕಲೆ ಹೇಗೆ ಹೋಗುತ್ತದೆ ಎಂಬುದು ಗೊತ್ತಿರುವವರಿಗೆ ಕ್ರಿಕೆಟ್ ಬಗ್ಗೆ ಭ್ರಮೆ ಉಳಿದಿರುವುದಿಲ್ಲ.)

ಈಗ ನನ್ನ ಸಲಹೆ. ಸೂರ್ಯವಂಶಿ ನೂರು ಹೊಡೆದ ಆ ರಾತ್ರಿ ಟಿವಿಯಲ್ಲಿ ತಾವು ಹುಡುಗನನ್ನೇ ನೋಡಿದಿರಿ. ನಾನು ವೀಲ್‌ಚೇರ್ ಬಿಟ್ಟು ಎದ್ದು ನಿಂತು ಕೈಯೆತ್ತಿದ ಅವನ ಕೋಚ್ ದ್ರಾವಿಡ್ ಕಡೆ ನೋಡಿದೆ. ಅವರನ್ನು ವೀಲ್‌ಚೇರಿಗೆ ಕೂರಿಸಿದ ಪೆಟ್ಟು ಕಾಲಿಗೆ ಬಿದ್ದದ್ದು ಎಲ್ಲಿ? ನಮ್ಮ ಬೆಂಗಳೂರು ಲೀಗ್‌ನಲ್ಲೇ! ಆ ವರ್ಷ ಫೆಬ್ರುವರಿಯಲ್ಲಿ, 52ನೇ ವಯಸ್ಸಿನಲ್ಲಿ, ಮಗ ಅನ್ವಯ್ ಜೊತೆ ವಿಜಯ ಕ್ರಿಕೆಟ್ ಕ್ಲಬ್ ಪರ ಮೂರನೇ ಡಿವಿಷನ್ ಆಡಲು ಇಳಿದರು. ಸ್ಕೋರ್ ಪುಸ್ತಕದಲ್ಲಿ ಮಗನ ಹೆಸರಿನ ಮುಂದೆ 58, ಅಪ್ಪನ ಹೆಸರಿನ ಮುಂದೆ 10. ಟೆಸ್ಟ್‌ನಲ್ಲಿ ಹದಿಮೂರು ಸಾವಿರ ಮೀರಿ ರನ್ ಮಾಡಿದವರು ಹತ್ತು ಬರೆಸಿಕೊಂಡು ಹೋದರು. ಮುಂದಿನ ತಿಂಗಳು ಅದೇ ಲೀಗ್‌ನಲ್ಲಿ ಕಾಲು ನೋಯಿಸಿಕೊಂಡು, ಊರುಗೋಲು ಹಿಡಿದು ಐಪಿಎಲ್ ಶಿಬಿರಕ್ಕೆ ನಡೆದರು.

ಅಂದಮೇಲೆ ತಮಗೇನು ಅಡ್ಡಿ? ನಮ್ಮ ದೊಡ್ಡವರ ತಂಡಕ್ಕೆ ಭಾನುವಾರ ಹನ್ನೊಂದು ಜನ ಸೇರುವುದೇ ಕಷ್ಟ. ಒಬ್ಬನಿಗೆ ನಾಮಕರಣ, ಒಬ್ಬನಿಗೆ ಬೆನ್ನು, ಇನ್ನೊಬ್ಬ ‘ಐದು ನಿಮಿಷದಲ್ಲಿ ಬಂದೆ’ ಎಂದು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಿರುತ್ತಾನೆ. ಟಾಸ್ ಗೆದ್ದರೆ ಬ್ಯಾಟಿಂಗ್ ತೆಗೆದುಕೊಳ್ಳುವುದು ಪಿಚ್ ನೋಡಿ ಅಲ್ಲ, ಮೈದಾನಕ್ಕೆ ಇನ್ನೂ ಏಳೇ ಜನ ಬಂದಿದ್ದಾರೆ ಎಂಬ ಕಾರಣಕ್ಕೆ. ಆ ನಾಲ್ಕು ಜಾಗಗಳಿಗೆ ತಮ್ಮನ್ನು ಆಹ್ವಾನಿಸುತ್ತಿದ್ದೇನೆ. ಎಲ್ಬೋ ಎತ್ತಬೇಕು, ತಲೆ ಅಲ್ಲಾಡಬಾರದು, ಲೈನಿಗೆ ಬರಬೇಕು ಎಂಬುದೆಲ್ಲ ತಮಗೆ ಚೆನ್ನಾಗಿ ಗೊತ್ತಿರುವುದರಿಂದ ನೆಟ್ಸ್ ಬೇಕಾಗಲಾರದು. ಹದಿನೆಂಟರ ಹುಡುಗನೊಬ್ಬ ಹೊಸ ಚೆಂಡು ಹಿಡಿದು ಓಡಿಬರುವಾಗ ತಲೆ ಅಲ್ಲಾಡದಂತೆ ಇಟ್ಟುಕೊಂಡರೆ ಸಾಕು.

ಷರತ್ತುಗಳು ಕೆಲವೇ. ಗಾರ್ಡ್ ತಮ್ಮದೇ ತರಬೇಕು. ಕ್ಲಬ್ ಕಿಟ್‌ನಲ್ಲಿರುವುದನ್ನು ಬಳಸಲು ಯಾರೂ ಒಪ್ಪುತ್ತಿಲ್ಲ. ಹತ್ತನೇ ನಂಬರಿನಲ್ಲಿ ಬ್ಯಾಟಿಂಗ್, ಬೌಲಿಂಗ್ ಇಲ್ಲ, ಎರಡೂ ತುದಿಯಿಂದ ಫೈನ್‌ಲೆಗ್. ತಮ್ಮ ಮಕ್ಕಳಿಗೆ ಎರಡು ಸೀಸನ್‌ನಿಂದ ಇದೇ ಪಾತ್ರ, ಅವರು ವಿವರವಾಗಿ ಹೇಳಿಕೊಡುತ್ತಾರೆ. ಸೊನ್ನೆಗೆ ಔಟಾದರೆ ಕಾರಿನಲ್ಲಿ ಮನೆ ಸೇರುವವರೆಗೆ ಮಗ ಆ ಬಗ್ಗೆಯೇ ಮಾತಾಡಬಹುದು, ತಾವು ಕಿಟಕಿ ಆಚೆ ನೋಡತಕ್ಕದ್ದು.

ಇಂತಿ ತಮ್ಮ ವಿಧೇಯ,
ಸ್ಕೋರರ್

ತಾ.ಕ.: ಪಂದ್ಯ ಮುಗಿದ ಮೇಲೆ ಮೊಳೆ ಕಿತ್ತು, ಮ್ಯಾಟ್ ಸುತ್ತಿ, ಹೊತ್ತು ಶೆಡ್ಡಿಗೆ ಹಾಕಲು ಆರು ಜನ ಬೇಕು. ಆ ಹೊತ್ತಿನಲ್ಲಿ ಯಾವ ಅಪ್ಪನಿಗೂ ಆಫೀಸಿನಿಂದ ಫೋನ್ ಬರತಕ್ಕದ್ದಲ್ಲ.